ಕನ್ನಡಕದವರ ಕಾರಿಗೆ ಕೊಟ್ಟ ಕಲ್ಲು

ಕನ್ನಡಕದವರು ಕಾರನ್ನು ಹಿಂದಕ್ಕೆ ತೆಗೆಯುವಾಗ ನಮ್ಮ ಬೀದಿಯ ಕಾಗೆಗಳೂ ಕೂಗು ನಿಲ್ಲಿಸುತ್ತಿದ್ದವು. ನಾನು ಹೇಳುವುದರಲ್ಲಿ ಅರ್ಧ ಕಳೆದು ನಂಬಬೇಕೆಂದು ನನ್ನ ಮನೆಯವರೇ ಎಲ್ಲರಿಗೂ ಹೇಳಿಟ್ಟಿದ್ದಾರೆ. ಇದರಲ್ಲಿ ಬೇಕಾದರೆ ಕಾಗೆಗಳನ್ನು ಕಳೆಯಿರಿ, ಉಳಿದದ್ದು ನಿಜ. ಮೊದಲು ಅವರು ರೇಡಿಯೊ ಆರಿಸುತ್ತಿದ್ದರು. ಆಮೇಲೆ ಹೆಂಡತಿಯ ಮಾತನ್ನು ಆರಿಸಬೇಕು. ಅದಕ್ಕೆ ಗುಂಡಿ ಇಲ್ಲದ ಕಾರಣ ಸುಮ್ಮನಿರೆಂದು ಕೈ ಎತ್ತುತ್ತಿದ್ದರು. ಆಮೇಲೆ ಕೆಳಗಿಳಿದು ಕಾರಿಗೆ ಒಂದು ಸುತ್ತು ಬಂದು, ಬೆಕ್ಕೋ ಮಗುವೋ ಮಗುವಿನ ಚೆಂಡೋ ಇದ್ದೀತೆಂದು ಮಂಡಿಯೂರಿ ಚಕ್ರಗಳ ಹಿಂದೆ ಬಗ್ಗಿ ನೋಡಿ, ಜೇಬಿನಿಂದ ಕನ್ನಡಕ ಒರೆಸುವ ಬಟ್ಟೆ ತೆಗೆದು ಎರಡೂ ಬದಿಯ ಕನ್ನಡಿ ಒರೆಸಿ, ಮತ್ತೆ ಒಳಗೆ ಕೂತು, ಕುತ್ತಿಗೆಯನ್ನು ಗೂಬೆಯ ಹಾಗೆ ಪೂರ್ತಿ ಹಿಂದಕ್ಕೆ ತಿರುಗಿಸಿ, ಅದಾದ ಮೇಲೆ ಗೇರು. ಅವರು ಕಾರು ನಿಲ್ಲಿಸಿ ಇಳಿಯುವಷ್ಟರಲ್ಲಿ ಕೆಲವು ಸಲ ಋತುವೇ ಬದಲಾಗಿದೆ. ಹೊರಡುವಾಗ ಸ್ವೆಟರ್ ಹಾಕಿಕೊಂಡಿದ್ದ ಅವರ ಹೆಂಡತಿ ಇಳಿಯುವಾಗ ಬೀಸಣಿಗೆ ಬೀಸಿಕೊಳ್ಳುತ್ತಿದ್ದುದನ್ನು ನಾನು ನನ್ನ ಬಾಲ್ಕನಿಯಿಂದ ಕಣ್ಣಾರೆ ಕಂಡಿದ್ದೇನೆ.

"ಕಾರು ಹಿಂದಕ್ಕೆ ಹೋಗುವಾಗ ಬಾಯಿ ಮುಂದಕ್ಕೆ ಹೋಗಬಾರದು," ಎನ್ನುವುದು ಅವರ ಮಾತು. ಆ ಹಳೆಯ ಕಾರಿಗೆ ಹಾಗಾಗಿ ಒಂದು ಗೀರೂ ಇರಲಿಲ್ಲ. ಬಣ್ಣ ಮಾಸಿತ್ತು, ಸೀಟಿನ ಹೊಟ್ಟೆ ಒಡೆದು ಹತ್ತಿ ಇಣುಕುತ್ತಿತ್ತು, ಆದರೆ ಮೈಮೇಲೆ ಗೀರಿಲ್ಲ.

ಕನ್ನಡಕದವರು ಎಂದರೆ ಪೇಟೆಯ ಮೂಲೆಯ ಕನ್ನಡಕದಂಗಡಿಯ ಯಜಮಾನರು. ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಮನೆ. ಅವರ ಹೆಂಡತಿಯ ತಂಗಿಯನ್ನು ಮದುವೆಯಾದವನು ಮೇಲಿನ ಮಹಡಿಯಲ್ಲಿ. ಅವನಿಗೆ ಹಾಸಿಗೆ ಅಂಗಡಿ. ಹೀಗೆ ಷಡ್ಡಕರಿಬ್ಬರೂ ಒಂದೇ ಕಟ್ಟಡದಲ್ಲಿ. ಒಬ್ಬರು ಊರಿನ ಕಣ್ಣು ತೆರೆಸುವವರು, ಇನ್ನೊಬ್ಬ ಊರಿನ ಕಣ್ಣು ಮುಚ್ಚಿಸುವವನು. ಹಾಸಿಗೆಯವನನ್ನು ನಾನು ಈಗ ಏಕವಚನದಲ್ಲಿ ಕರೆಯುತ್ತಿದ್ದೇನೆ. ಮೊದಲು ಅವನಿಗೂ ಬಹುವಚನವೇ ಇತ್ತು.

ಇಬ್ಬರ ನಡುವೆ ಎಂಥ ಪ್ರೀತಿ ಎಂದರೆ, ಮೇಲಿನ ಮನೆಯಲ್ಲಿ ಸೀನಿದರೆ ಕೆಳಗಿನ ಮನೆಯಲ್ಲಿ ಕಷಾಯ ಕುದಿಯುತ್ತಿತ್ತು. ಹಾಸಿಗೆಯವನಿಗೆ ಕಾರು ಓಡಿಸಲು ಕಲಿಸಿದ್ದೂ ಕನ್ನಡಕದವರೇ, ತಮ್ಮ ಹಳೆಯ ಕಾರಿನಲ್ಲೇ. ಮುಂದಕ್ಕೆ ಓಡಿಸುವುದು ಅವನಿಗೆ ಬೇಗ ಬಂತು. ಹಿಂದಕ್ಕೆ ಮಾತ್ರ ಬರಲೊಲ್ಲದು. ಎಡಕ್ಕೆ ತಿರುಗಿಸು ಎಂದರೆ ಬಲಕ್ಕೆ, ಬಲಕ್ಕೆ ಎಂದರೆ ಕಂಬಕ್ಕೆ. ಕನ್ನಡಕದವರು ಕಾರಿನ ಹಿಂದೆ ನಿಂತು, ಮಗುವಿಗೆ ನಡಿಗೆ ಕಲಿಸುವವರ ಹಾಗೆ ಎರಡೂ ಕೈ ಚಾಚಿ, "ಬರ್ಲಿ, ಬರ್ಲಿ, ಇನ್ನೂ ಬರ್ಲಿ, ನಾನಿದೀನಿ, ಸಾಕು," ಎಂದು ಡಿಕ್ಕಿಯ ಮೇಲೆ ತಟ್ಟುವರು. ಆ ತಟ್ಟು ಕೇಳಿದರೆ ಇವನು ಬ್ರೇಕು. ಒಮ್ಮೆ ತಟ್ಟು ಕೇಳಿಸದೆ ಕನ್ನಡಕದವರು ಕಾರಿಗೂ ಗೋಡೆಗೂ ನಡುವೆ ದೋಸೆಯಂತಾಗುವುದು ಸ್ವಲ್ಪದರಲ್ಲಿ ತಪ್ಪಿತು. ಅವರು ಹೊಟ್ಟೆ ಒಳಗೆಳೆದುಕೊಂಡು ಬದುಕಿದರು. ಆಗಲೂ ಬೈಯಲಿಲ್ಲ. "ನನ್ನ ಹೊಟ್ಟೆ ಕರಗ್ಲಿ ಅಂತ ಮಾಡಿದ್ಯಾ?" ಎಂದಷ್ಟೇ ಕೇಳಿದರು.

ಇನ್ನು ನಮ್ಮ ಕಟ್ಟಡದ ಪದ್ಧತಿಯನ್ನು ಹೇಳಬೇಕು. ಕಟ್ಟಡದ ಕೆಳಗೆ, ಕನ್ನಡಕದವರ ಮನೆಯ ಪಕ್ಕದ ಕಂಬಗಳ ನಡುವೆ, ಕಾರು ನಿಲ್ಲಿಸುವ ಜಾಗ. ಕಟ್ಟಿದವನು ಬಹುಶಃ ಕಾರೆಂದರೆ ಇಲಿಯಷ್ಟು ಎಂದುಕೊಂಡಿದ್ದ. ಕಾರುಗಳು ಹೆಚ್ಚು, ಜಾಗ ಕಡಿಮೆ. ಹಾಗಾಗಿ ಜಾಗ ಸಿಗದವರು ಮುಂದಿನ ಓಡಾಟದ ದಾರಿಯಲ್ಲೇ, ಒಳಗಿನ ಕಾರುಗಳಿಗೆ ಅಡ್ಡವಾಗಿ ನಿಲ್ಲಿಸುವುದು. ಆದರೆ ನಿಲ್ಲಿಸಿದವರು ಗೇರು ಹಾಕಬಾರದು, ಹ್ಯಾಂಡ್ ಬ್ರೇಕ್ ಎಳೆಯಬಾರದು. ನ್ಯೂಟ್ರಲ್‌ನಲ್ಲಿ ಬಿಟ್ಟು ಮುಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. ಒಳಗಿನವರು ಹೊರಡುವಾಗ ಆ ಕಲ್ಲು ತೆಗೆದು, ಅಡ್ಡ ನಿಂತ ಕಾರನ್ನು ಹಿಂಗೋಡೆಯ ಕಡೆಗೆ ತಳ್ಳಿ, ತಮ್ಮದನ್ನು ಹೊರಗೆ ತೆಗೆದು, ಮತ್ತೆ ಮೊದಲಿದ್ದಲ್ಲಿಗೆ ತಳ್ಳಿ ಕಲ್ಲು ಇಟ್ಟು ಹೋಗಬೇಕು. ಗೇಟಿನ ಕಡೆಗೆ ತಳ್ಳುವ ಹಾಗಿಲ್ಲ, ಅಲ್ಲಿ ನೆಲ ಇಳಿಜಾರು. ಕಾರು ನಿಲ್ಲಿಸುವ ಶಾಸ್ತ್ರ ಬಲ್ಲ ಯಾರಾದರೂ ಇದನ್ನು ನೋಡಿದ್ದರೆ ಎದೆ ಹಿಡಿದುಕೊಂಡು ಕೂರುತ್ತಿದ್ದರು. ಬ್ರೇಕಿಲ್ಲದ ಕಾರುಗಳ ಆ ಸಾಲು ನಿಂತಿದ್ದದ್ದು ಕಲ್ಲಿನ ಮೇಲಲ್ಲ, ಒಬ್ಬರು ಇನ್ನೊಬ್ಬರ ಮೇಲೆ ಇಟ್ಟ ನಂಬಿಕೆಯ ಮೇಲೆ. ಅಷ್ಟು ವರ್ಷ ಅದು ನಡೆದುಕೊಂಡೂ ಬಂದಿತ್ತು.

ಕನ್ನಡಕದವರಿಗೆ ಒಳಗೆ ಸ್ವಂತ ಜಾಗವಿತ್ತು, ಅದೂ ಕಂಬದ ಕಾಟವಿಲ್ಲದ ಅಗಲವಾದ ಜಾಗ. ಹಾಸಿಗೆಯವನಿಗೆ ಇರಲಿಲ್ಲ, ಸ್ಕೂಟರ್ ಇದ್ದಷ್ಟು ದಿನ ಬೇಕಾಗಿಯೂ ಇರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಹಾಸಿಗೆಯನ್ನೇ ಮಾರುವವನಿಗೆ ಆ ಮಾತು ತಾಗುವುದಿಲ್ಲವಷ್ಟೆ. ಅವನು ಕಾಲು ಚಾಚಿ ಒಂದು ಹೊಸ ಕಾರು ತಂದ.

ಕಾರೇ ಅದು? ದೇವೇಂದ್ರನಿಗೆ ಮೈಯೆಲ್ಲ ಕಣ್ಣಂತೆ. ಇದಕ್ಕೆ ಅವನಿಗಿಂತ ಒಂದೆರಡು ಜಾಸ್ತಿ. ಹಿಂದೆ ಕ್ಯಾಮೆರಾ, ಮುಂದೆ ಕ್ಯಾಮೆರಾ, ಕಿವಿಯಂಥ ಪಕ್ಕದ ಕನ್ನಡಿಗಳಲ್ಲೂ ಕ್ಯಾಮೆರಾ. ಗೋಡೆ ಹತ್ತಿರವಾದಂತೆ ಮೊದಲು ನಿಧಾನಕ್ಕೆ ಪೀಂ, ಪೀಂ ಎಂದು, ಆಮೇಲೆ ಅವಸರವಸರವಾಗಿ, ಕೊನೆಗೆ ಉಸಿರೇ ಬಿಡದೆ ಕೂಗುತ್ತಿತ್ತು. ಒಳಗಿನ ಪರದೆಯ ಮೇಲೆ ಹಸಿರು, ಹಳದಿ, ಕೆಂಪು ಗೆರೆಗಳು. ಗುಂಡಿ ಒತ್ತಿ ಕೈ ಬಿಟ್ಟರೆ ಸ್ಟೇರಿಂಗು ದೆವ್ವ ಹಿಡಿದಂತೆ ತಾನೇ ತಿರುಗಿ ಕಾರು ಜಾಗಕ್ಕೆ ಹೋಗಿ ಕೂರುತ್ತಿತ್ತು. ಬಂದ ದಿನ ಕಟ್ಟಡಕ್ಕೆ ಕಟ್ಟಡವೇ ಕೆಳಗಿಳಿದು ನೋಡಿತು. ಹಾಸಿಗೆಯವನು ಎದೆಯ ಮೇಲೆ ಕೈ ಕಟ್ಟಿಕೊಂಡು ಒಳಗೆ ಕೂತಿದ್ದ. ಕಾರು ಅರ್ಧ ಹೋಗಿ ನಿಂತುಬಿಟ್ಟಿತು. ಯಾರೋ ಒಣಹಾಕಿದ್ದ ಒದ್ದೆ ಸೀರೆ ಹಗ್ಗದಿಂದ ಇಳಿಬಿದ್ದಿತ್ತು. ಸೀರೆ ಎತ್ತಿಕೊಂಡ ಮೇಲೆ ಮುಂದುವರಿಯಿತು.

"ನನಗೆ ಯಾರೂ ಹೆದರದಷ್ಟು ಇದು ನನ್ನ ಸೀರೆಗೆ ಹೆದರ್ತಲ್ಲ," ಎಂದರು ಇಬ್ಬರು ಅಳಿಯಂದಿರ ಅತ್ತೆ, ಗೇಟಿನ ಪಕ್ಕದ ತಮ್ಮ ಪ್ಲಾಸ್ಟಿಕ್ ಕುರ್ಚಿಯಿಂದಲೇ. ಅವರು ದೊಡ್ಡ ಮಗಳ ಮನೆಯಲ್ಲಿದ್ದರು. ಮೊಣಕಾಲು ನೋವು, ಬೆಳಗಿನ ಬಿಸಿಲಿಗೆ ಆ ಕುರ್ಚಿಯಲ್ಲಿ ಕೂತರೆ ಊಟದ ಹೊತ್ತಿಗೆ ಯಾರಾದರೂ ಎಬ್ಬಿಸಬೇಕು.

ಇಂಥ ಕಾರನ್ನು ದಾರಿಗೆ ಅಡ್ಡವಾಗಿ ನಿಲ್ಲಿಸುವ ಹಾಗಿರಲಿಲ್ಲ. ಎಂಜಿನ್ ಆರಿಸಿದ ಕೂಡಲೇ ಅದು ತನ್ನ ಬ್ರೇಕು ತಾನೇ ಹಾಕಿಕೊಳ್ಳುತ್ತಿತ್ತು. ಆಮೇಲೆ ಆನೆ ಬಂದು ತಳ್ಳಿದರೂ ಅಲ್ಲಾಡದು. ಬಿಡಿಸುವ ಉಪಾಯ ಕಾರಿನ ಜೊತೆ ಬಂದ ಪುಸ್ತಕದಲ್ಲಿತ್ತಂತೆ. ಹಾಸಿಗೆಯವನು ಆ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದವನೇ ಅಲ್ಲ. ಆಗ ಕನ್ನಡಕದವರು ಒಂದು ಮಾತು ಹೇಳಿದರು.

"ಹೊಸದು ಒಳಗಿರ್ಲಿ. ನಮ್ಮದು ಹಳೇದು, ಹೊರಗೆ ನಿಂತ್ರೂ ನಡೆಯತ್ತೆ."

"ಬೇಡ ಭಾವ, ನಿಮ್ಮ ಜಾಗ."

"ನಂದೇನು ನಿಂದೇನು. ತಗೊಂಡು ಹೋಗಿ ನಿಲ್ಸಯ್ಯ."

ಹೇಳಿ, ಹಳೆಯ ಅಭ್ಯಾಸದಂತೆ ಹೊಸ ಕಾರಿನ ಹಿಂದೆ ಹೋಗಿ ಎರಡೂ ಕೈ ಚಾಚಿ ನಿಂತರು. ಹಾಸಿಗೆಯವನು ಕಿಟಕಿ ಇಳಿಸಿ, "ಭಾವ, ಇನ್ಮೇಲೆ ನೀವು ಹಿಂದೆ ನಿಲ್ಲೋದು ಬೇಡ. ಎಲ್ಲಾ ಅದೇ ನೋಡ್ಕೊಳ್ಳತ್ತೆ. ನೀವು ನಿಂತ್ರೆ ಸುಮ್ನೆ ಕೂಗ್ಕೊಳತ್ತೆ," ಎಂದ. ಕನ್ನಡಕದವರು ಪಕ್ಕಕ್ಕೆ ಸರಿದರು. ಚಾಚಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡರು.

ಅಂದಿನಿಂದ ಅವರ ಹಳೆಯ ಕಾರು ತಾನೇ ಬಿಟ್ಟುಕೊಟ್ಟ ಜಾಗದ ಎದುರಿಗೆ ಅಡ್ಡವಾಗಿ ನಿಲ್ಲತೊಡಗಿತು. ಚಕ್ರಕ್ಕೆ ಅವರದೇ ಒಂದು ಕಲ್ಲು. ಒಂದು ಮೂಲೆ ಒಡೆದ, ಬೂದು ಬಣ್ಣದ ಗಟ್ಟಿ ಕಲ್ಲು. ಇಟ್ಟು ಪಾದದಿಂದ ಒತ್ತಿ ನೋಡುವರು. ಮನೆ ಬಾಗಿಲವರೆಗೆ ಹೋಗಿ, ವಾಪಸು ಬಂದು ಮತ್ತೊಮ್ಮೆ ಒತ್ತುವರು.

ಹೀಗಿರುವಾಗ ಒಂದು ಬೆಳಿಗ್ಗೆ ನಾನು ಬಾಲ್ಕನಿಯಲ್ಲಿ ಚಹಾ ಹಿಡಿದುಕೊಂಡು ನಿಂತಿದ್ದೆ. ಆಗಷ್ಟೇ ಸ್ನಾನ ಮುಗಿಸಿ ಬಂದಿದ್ದೆ, ಅದಕ್ಕೆ ಮೊದಲು ಕೆಳಗೆ ಏನು ನಡೆಯಿತೋ ನೋಡಿರಲಿಲ್ಲ. ಬೀದಿಯಲ್ಲಿ ನೀರಿನ ಟ್ಯಾಂಕರ್ ನೆಲ ನಡುಗಿಸುತ್ತ ಹೋಯಿತು. ಅದರ ಹಿಂದೆಯೇ, ಕಟ್ಟಡದ ಕೆಳಗಿನಿಂದ ಕನ್ನಡಕದವರ ಕಾರು ಹೊರಗೆ ಬಂತು. ಒಳಗೆ ಯಾರೂ ಇಲ್ಲ. ಸದ್ದಿಲ್ಲ, ಹೊಗೆಯಿಲ್ಲ. ಮದುವೆಮನೆಗೆ ಹೊರಟ ಹಿರಿಯರ ಹಾಗೆ ಗಂಭೀರವಾಗಿ ಇಳಿಜಾರಿನಲ್ಲಿ ಇಳಿಯುತ್ತಿತ್ತು. ಅದರ ನೇರಕ್ಕೆ ಅತ್ತೆಯ ಕುರ್ಚಿ. ಕುರ್ಚಿಯಲ್ಲಿ ಅತ್ತೆ.

ನಾನು ಕೂಗಿದೆ. ಹತ್ತಾರು ವರ್ಷದಿಂದ ಮೊಣಕಾಲು ಮಡಿಸದ ಆ ಹೆಂಗಸು ಅಂದು ಜಿಗಿದ ಜಿಗಿತಕ್ಕೆ ಜಿಂಕೆಗಳು ಬಂದು ಪಾಠ ಹೇಳಿಸಿಕೊಳ್ಳಬೇಕು. ಗೇಟು ದಾಟಿ, ಚರಂಡಿ ದಾಟಿ, ಎದುರು ಮನೆಯ ಮೆಟ್ಟಿಲ ಮೇಲೆ ಹೋಗಿ ನಿಂತರು. ಇತ್ತ ಕಾರು ಕುರ್ಚಿಯನ್ನು ಚಪಾತಿ ಮಾಡಿ, ಗೇಟನ್ನು ಬಗ್ಗಿಸಿ, ಮೂತಿ ಜಜ್ಜಿಕೊಂಡು ನಿಂತಿತು. ಗೀರೇ ಕಾಣದ ಕಾರು.

ಎಲ್ಲರೂ ಓಡಿಬಂದರು. ಕನ್ನಡಕದವರು ಅಂಗಡಿಗೆ ಹೊರಡಲು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವರು ಹಾಗೇ ಬಂದರು. ಮೊದಲು ಅತ್ತೆಯನ್ನು ನೋಡಿದರು, ಆಮೇಲೆ ಕುರ್ಚಿಯನ್ನು. "ಕಲ್ಲು ಇಟ್ಟಿದ್ದೆ," ಎಂದರು. ಕಲ್ಲು ಕಂಬದ ಪಕ್ಕದಲ್ಲಿ ತಣ್ಣಗೆ ಕೂತಿತ್ತು.

"ಇಟ್ಟಿದ್ದು ಕಂಬಕ್ಕಾ?" ಎಂದರು ಅತ್ತೆ, ಎದುರು ಮೆಟ್ಟಿಲಿಂದ. "ಕಂಬ ಎಲ್ಲೂ ಓಡಿ ಹೋಗಲ್ಲ ಅಳಿಯಂದ್ರೇ."

ಸಂಜೆ ಹಾಸಿಗೆಯವನು ಅಂಗಡಿಯಿಂದ ಬಂದ. ಅವನು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿದ್ದ. ಅಡ್ಡ ನಿಂತದ್ದರ ಒಳಗಿನಿಂದ ಕಾರು ತೆಗೆದಿದ್ದವನು ಅವನು, ಹಾಗಾಗಿ ಎಲ್ಲರ ಕಣ್ಣೂ ಅವನ ಮೇಲೆ. ಅವನು ಬಗ್ಗಿದ ಗೇಟು ನೋಡಿದ, ಅತ್ತೆಯ ಮುಖ ನೋಡಿದ. ಆಮೇಲೆ ಕನ್ನಡಕದವರ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದ:

"ಭಾವ, ನಾನು ಹೋಗುವಾಗ ನಿಮ್ಮ ಕಾರು ನನಗೆ ಅಡ್ಡ ಇರ್ಲೇ ಇಲ್ವಲ್ಲ. ಆಚೆ ಗೇಟಿನ ತುದಿಗೆ ನಿಲ್ಸಿದ್ರಿ. ನಾನು ಸೀದಾ ಹೊರಟು ಹೋದೆ."

"ಗೇಟಿನ ತುದಿಗಾ? ನಾನಾ?"

"ಹೋಗ್ಲಿ ಬಿಡಿ. ಕೆಲಸದ ತಲೆಬಿಸಿ. ಎಲ್ರಿಗೂ ಮರೆಯತ್ತೆ."

ಆ "ಹೋಗ್ಲಿ ಬಿಡಿ" ಕನ್ನಡಕದವರನ್ನು ಮುಗಿಸಿತು. ಬೈದಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದರು. ಸಮಾಧಾನ ಮಾಡಿದವನ ಜೊತೆ ಹೇಗೆ ಜಗಳವಾಡುವುದು? ತಮ್ಮನ್ನೇ ನಂಬದಿರುವುದು ಅವರಿಗೆ ಸುಲಭವಾಯಿತು, ಅವನನ್ನು ನಂಬದಿರುವುದು ಆಗಲಿಲ್ಲ. ಅಂದು ರಾತ್ರಿ ಅವರ ಹೆಂಡತಿ ಕಾರಿನ ಕೀ ತೆಗೆದು ಹಿಟ್ಟಿನ ಡಬ್ಬದಲ್ಲಿ ಹೂತಿಟ್ಟರು. "ಅಮ್ಮ ಉಳಿದದ್ದೇ ಹೆಚ್ಚು. ಇನ್ನು ನೀವು ಕಾರು ಮುಟ್ಟೋದು ಬೇಡ ರೀ," ಎಂದರು. ಮೂತಿ ರಿಪೇರಿಯಾಗಿ ಬಂದ ಕಾರು ಹಿಂಗೋಡೆಗೆ ಮುಖ ಮಾಡಿ, ಗೇರು ಹಾಕಿಸಿಕೊಂಡು, ಧೂಳು ಹೊದ್ದು ನಿಂತಿತು.

ಆಮೇಲಿನ ದಿನಗಳಲ್ಲಿ ನಾನು ಕಂಡ ಕನ್ನಡಕದವರು ಬೇರೆಯೇ ಮನುಷ್ಯ. ಅಂಗಡಿಗೆ ಬೀಗ ಹಾಕಿ ಬೀದಿಯ ತುದಿಯವರೆಗೆ ಬಂದು, ವಾಪಸು ಹೋಗಿ ಬೀಗ ಜಗ್ಗಿ, ಮತ್ತೆ ಬಂದು ಮತ್ತೆ ಹೋಗುವರು. ಆ ಬೀಗ ಅವರ ಕೈಗೆ ಬೇಸತ್ತು ತಾನಾಗಿ ಬಿಚ್ಚಿಕೊಂಡು ಬಿದ್ದಿದ್ದರೂ ತಪ್ಪಿರಲಿಲ್ಲ. ಕಟ್ಟಡಕ್ಕೆಲ್ಲ ತಾತನಾದ ನಾನು ನನ್ನ ಕನ್ನಡಕ ಬದಲಿಸಲು ಹೋದಾಗ, ಗೋಡೆಯ ಅಕ್ಷರಗಳನ್ನು ಓದಿಸಿದರು, ಓದಿದೆ. ಇನ್ನೊಮ್ಮೆ ಓದಿ ಎಂದರು; ಓದಿದೆ. ಮೂರನೆಯ ಸಲಕ್ಕೆ, "ಇದು ಬಾಯಿಪಾಠ ಆಯ್ತು ಸ್ವಾಮಿ, ಈಗ ಕಣ್ಣು ಕಟ್ಟಿದ್ರೂ ಹೇಳ್ತೀನಿ," ಎಂದೆ. ಅವರು ನಗಲಿಲ್ಲ.

"ನಿಮಗೆ ಕಾಣಿಸ್ತಾ ಇದೆಯಾ ಅಂತಲ್ಲ, ತಾತ. ನೀವು ಹೇಳಿದ್ದು ನನ್ನ ತಲೇಲಿ ನಿಲ್ತಾ ಇದೆಯಾ ಅಂತ ನೋಡ್ತಾ ಇದೀನಿ," ಎಂದರು.

ಅವರು ಗೇಟಿನ ಹತ್ತಿರ ಕಾರು ನಿಲ್ಲಿಸಿದ್ದನ್ನು ನೆನಪಿಸಿಕೊಳ್ಳಲು ಎಷ್ಟು ಪ್ರಯತ್ನಪಟ್ಟರೆಂದರೆ, ಕೊನೆಗೆ ಅದು ಅವರಿಗೆ ನೆನಪೂ ಆಗತೊಡಗಿತು. "ಹೌದೇನೋ, ಅಲ್ಲೇ ನಿಲ್ಸಿದ್ದೆ ಅನ್ಸತ್ತೆ," ಎಂದು ಒಂದು ದಿನ ನನಗೇ ಹೇಳಿದರು. ಆಗದೇ ಇದ್ದದ್ದನ್ನು ನೆನಪಿಸಿಕೊಳ್ಳುವುದು ನನ್ನಂಥವನ ಕಸುಬು. ಅವರದಲ್ಲ.

ಇಷ್ಟಕ್ಕೂ ಅವರನ್ನು ದಿನಾ ಬೆಳಿಗ್ಗೆ ಅಂಗಡಿಗೆ ಬಿಡುತ್ತಿದ್ದವನು ಯಾರು? ಹಾಸಿಗೆಯವನು. ತನ್ನ ಹೊಸ ಕಾರಿನಲ್ಲಿ, ಬಾಗಿಲು ತಾನೇ ತೆಗೆದು, ಬೆಲ್ಟು ತಾನೇ ಹಾಕಿ. "ಒಡಹುಟ್ಟಿದ ತಮ್ಮನೂ ಇಷ್ಟು ಮಾಡಲ್ಲ," ಎಂದು ಕನ್ನಡಕದವರ ಹೆಂಡತಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದರು. ಮರೆವಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದವನೂ ಅವನೇ. ಡಾಕ್ಟರು ನೆನಪಿಡಲು ಮೂರು ಮಾತು ಹೇಳಿ, ಬೇರೆ ಏನೇನೋ ಕೇಳಿ, ಆಮೇಲೆ ಆ ಮೂರನ್ನೂ ಹೇಳಿ ಎಂದರಂತೆ. ನದಿ ಎಂದರು ಕನ್ನಡಕದವರು, ಗಂಟೆ ಎಂದರು. ಇನ್ನೊಂದು ಕುರ್ಚಿ. ಅದು ಬಾಯಿಗೆ ಬರಲಿಲ್ಲ. ಕಣ್ಣ ಮುಂದೆ ಚಪ್ಪಟೆಯಾದ ಆ ಕುರ್ಚಿಯೇ ಇತ್ತು. ಡಾಕ್ಟರು ತಲೆಯಾಡಿಸಿ, "ಈಗಷ್ಟೇ ಶುರು ಇರಬಹುದು, ನೋಡೋಣ," ಎಂದರಂತೆ. ಹಾಸಿಗೆಯವನು ಪಕ್ಕದಲ್ಲೇ ಕೂತು ಭಾವನ ಬೆನ್ನು ಸವರುತ್ತಿದ್ದನಂತೆ.

ಒಂದು ಭಾನುವಾರ ಬೆಳಿಗ್ಗೆ ಹಾಸಿಗೆಯವನು ಬಕೆಟ್ಟು, ಸೋಪಿನ ನೊರೆ, ಬಟ್ಟೆ ಹಿಡಿದು ಹೊಸ ಕಾರು ತೊಳೆಯುತ್ತಿದ್ದ. ಕಾಲೇಜಿಗೆ ಹೋಗುವ ಅವನ ಮಗಳು ಒಳಗೆ ಕೂತಿದ್ದಳು. ಕನ್ನಡಕದವರು ಸುಮ್ಮನೆ ನಿಂತಿದ್ದರು. ನಾನಂತೂ ಎಲ್ಲೆಲ್ಲಿ ನೀರು ಚೆಲ್ಲುತ್ತದೋ ಅಲ್ಲಿ ನಿಂತು ನೋಡುವವನು.

"ದೊಡ್ಡಪ್ಪ, ಬನ್ನಿ ಒಂದು ತಮಾಷೆ ತೋರಿಸ್ತೀನಿ," ಎಂದಳು ಹುಡುಗಿ. "ಆ ಬಿಳಿ ಬೆಕ್ಕು ದಿನಾ ಬೆಳಿಗ್ಗೆ ಬಾನೆಟ್ ಮೇಲೆ ಬಂದು ಮಲಗತ್ತೆ. ಎಲ್ಲಾ ಈ ಕ್ಯಾಮೆರಾದಲ್ಲಿ ಬಿದ್ದಿದೆ. ತಾತ, ನೀವೂ ಬನ್ನಿ."

ಕನ್ನಡಕದವರು ಮುಂದೆ ಕೂತರು, ನಾನು ಹಿಂದೆ.

"ನಿಲ್ಸಿದ್ಮೇಲೂ ನೋಡ್ತಾ ಇರತ್ತಾ ಇದು?" ಎಂದರು ಕನ್ನಡಕದವರು.

"ಹತ್ತಿರ ಏನಾದ್ರೂ ಅಲ್ಲಾಡಿದ್ರೆ ಸಾಕು, ಕಣ್ಣು ಬಿಟ್ಟುಬಿಡತ್ತೆ. ಅಪ್ಪಂಗೆ ಗೊತ್ತೇ ಇಲ್ಲ. ಪುಸ್ತಕ ಓದಿ ನಾನೇ ಹಾಕಿಟ್ಟಿದ್ದು."

ಪರದೆಯ ಮೇಲೆ ಬೆಕ್ಕು ಬಂತು, ಮೈ ಮುರಿಯಿತು, ಮಲಗಿತು. ಇನ್ನೊಂದರಲ್ಲಿ ಮತ್ತೆ ಬೆಕ್ಕು. ಮುಂದಿನದರಲ್ಲಿ ನಾನು, ಯಾರೂ ನೋಡುತ್ತಿಲ್ಲವೆಂದು ಕಂಬಕ್ಕೆ ಬೆನ್ನು ಉಜ್ಜಿಕೊಳ್ಳುತ್ತಿದ್ದೆ. ಹುಡುಗಿ ಬಿದ್ದು ಬಿದ್ದು ನಕ್ಕಳು. ಇನ್ನೂ ಹಿಂದಿನದನ್ನು ಹುಡುಕುತ್ತ ಹೋದಳು. ಒಂದರಲ್ಲಿ ಸಂಜೆಯ ಬೆಳಕು. ಕನ್ನಡಕದವರ ಕಾರು ಬಂದು, ಎದುರಿಗೆ ಅಡ್ಡವಾಗಿ, ಪೂರ್ತಿ ಅಡ್ಡವಾಗಿ ನಿಂತಿತು. ಅವರು ಇಳಿದರು. ಕಲ್ಲು ಇಟ್ಟರು. ಪಾದದಿಂದ ಒತ್ತಿದರು. ಚಿತ್ರದಿಂದ ಆಚೆ ಹೋಗಿ, ಮತ್ತೆ ಬಂದು, ಮತ್ತೆ ಒತ್ತಿದರು.

"ಇದು ಯಾವ ದಿನದ್ದಮ್ಮ?" ಎಂದರು ಕನ್ನಡಕದವರು. ಅವಳು ಮೂಲೆಯಲ್ಲಿದ್ದ ತಾರೀಖು ಓದಿದಳು. ಗೇಟು ಬಗ್ಗಿದ ದಿನದ ಹಿಂದಿನ ಸಂಜೆ.

"ಇನ್ನೊಂದ್ಸಲ ಹಾಕು."

ಹಾಕಿದಳು. ಅವರು ಪರದೆಯ ಹತ್ತಿರ ಬಗ್ಗಿ ತಮ್ಮನ್ನು ತಾವು ನೋಡಿದರು. "ಇಟ್ಟಿದ್ದೆ," ಎಂದರು, ಯಾರಿಗೂ ಅಲ್ಲ. "ನೋಡಿ ತಾತ, ಎರಡು ಸಲ ಒತ್ತಿದೀನಿ." ಅವರ ಮುಖದಲ್ಲಿ ಮೂಡಿದ ಬೆಳಕಿಗೆ ಆ ಹೊತ್ತು ಕಟ್ಟಡದ ದೀಪಗಳೆಲ್ಲ ನಾಚಿ ಆರಬೇಕಿತ್ತು. ಕಳೆದುಹೋದ ಮಗು ಮನೆಗೆ ಬಂದ ಹಾಗೆ, ಅವರ ತಲೆ ಅವರಿಗೆ ವಾಪಸು ಬಂದಿತ್ತು.

ಹುಡುಗಿ ಖುಷಿಯಲ್ಲೇ ಮುಂದಿನದನ್ನು ಒತ್ತಿದಳು. ಬೆಳಗಿನ ಬೆಳಕು. ಹಾಸಿಗೆಯವನು ಫೋನು ಕಿವಿಗೂ ಹೆಗಲಿಗೂ ಸಿಕ್ಕಿಸಿಕೊಂಡು ಬಂದ. ಬಗ್ಗಿ ಕಲ್ಲು ಎತ್ತಿ ಕಂಬದ ಪಕ್ಕಕ್ಕೆ ಹಾಕಿದ. ಎರಡೂ ಕೈಯಿಂದ ಭಾವನ ಕಾರನ್ನು ತಳ್ಳಿದ. ಹಿಂಗೋಡೆಯ ಕಡೆಗಲ್ಲ, ಸುಲಭಕ್ಕೆ ಜಾರುವ ಗೇಟಿನ ಕಡೆಗೆ. ಅದು ಇಳಿಜಾರಿನ ಅಂಚಿಗೆ ಹೋಗಿ ಒಂದು ಬದಿಗೆ ನಿಂತಿತು. ಅವನು ಇತ್ತ ತಿರುಗಿ, ಕ್ಯಾಮೆರಾ ಕಡೆಗೇ ನಡೆದುಬಂದು, ತನ್ನ ಕಾರು ಹತ್ತಿದ. ಚಿತ್ರ ಅಲ್ಲಿಗೆ ನಿಂತಿತು.

ಹೊರಗೆ ಅದೇ ಹಾಸಿಗೆಯವನು ಮುಂದಿನ ಗಾಜಿಗೆ ನೊರೆ ಹಚ್ಚುತ್ತಿದ್ದ. ನೊರೆಯಲ್ಲಿ ಅವನ ಮುಖ ಮುಚ್ಚಿಹೋಯಿತು. ಬಟ್ಟೆಯಿಂದ ಒಂದು ಸಲ ಒರೆಸಿದ, ಮುಖ ಕಾಣಿಸಿತು. ನಮ್ಮನ್ನು ನೋಡಿ ನಕ್ಕ.

ಹುಡುಗಿ ಪರದೆ ಆರಿಸಲು ಕೈ ಚಾಚಿದಳು. ಕನ್ನಡಕದವರು ಮೆಲ್ಲಗೆ ಆ ಕೈ ಹಿಡಿದರು. "ಇರ್ಲಿ ಬಿಡು ಮಗು. ನಿಂದೇನೂ ತಪ್ಪಿಲ್ಲ," ಎಂದು ಇಳಿದರು.

"ಅವತ್ತು ನನ್ನ ಕಾರು ಎಲ್ಲಿತ್ತು ಅಂದೆ?" ಎಂದು ಹಾಸಿಗೆಯವನನ್ನು ಕೇಳಿದರು.

"ಯಾವತ್ತು ಭಾವ?"

"ನೀನು ಅಂಗಡಿಗೆ ಹೋಗುವಾಗ."

ಹಾಸಿಗೆಯವನು ಗಾಜಿನೊಳಗೆ ಮಗಳ ಮುಖ ನೋಡಿದ. ಕೈಯಲ್ಲಿದ್ದ ಬಟ್ಟೆಯಿಂದ ಅವನ ಪಾದದ ಮೇಲೆಯೇ ನೀರು ತೊಟ್ಟಿಕ್ಕುತ್ತಿತ್ತು.

"ಹೇಳ್ಬೇಕು ಅಂತಾನೇ ಇದ್ದೆ ಭಾವ. ಅತ್ತೆ ಒಂಚೂರು ಸಮಾಧಾನ ಆಗ್ಲಿ ಅಂತ..."

"ಅತ್ತೆ ಸಮಾಧಾನ ಆಗಿ ಹೊಸ ಕುರ್ಚೀನೂ ಬಂತಲ್ಲ."

"ಒಂದ್ಸಲ ಬಾಯಿಂದ ಬಂದ್ಬಿಡ್ತು. ಆಮೇಲೆ ವಾಪಸ್ ಬರೋಕೆ ದಾರಿ ಸಿಗ್ಲಿಲ್ಲ."

"ರಿವರ್ಸು ನಾನೇ ಕಲಿಸಿದ್ನಲ್ಲಯ್ಯ ನಿಂಗೆ."

ನಾನು ಕಾರಿನೊಳಗಿಂದ ಇಳಿಯಬೇಕೋ ಕೂತಿರಬೇಕೋ ತಿಳಿಯದೆ ಅರ್ಧ ಇಳಿದಿದ್ದೆ. ಕನ್ನಡಕದವರು ದನಿ ಏರಿಸಲಿಲ್ಲ.

"ಸುಳ್ಳು ಹೇಳಿದ್ಯಲ್ಲ, ಅದಕ್ಕೆ ನಂಗೆ ಅಷ್ಟು ಬೇಜಾರಿಲ್ಲ. ಅತ್ತೆ ಬಾಯಿಗೆ ಹೆದರಿದೆ, ಹೇಳಿದೆ. ನಾನೂ ಹೆದರ್ತೀನಿ. ಆದ್ರೆ ಡಾಕ್ಟರ ಮುಂದೆ ನಾನು ಒಂದು ಮಾತಿಗೆ ತಡವರಿಸ್ತಾ ಕೂತಿದ್ದಾಗ, ನಿಂಗೆ ಗೊತ್ತಿತ್ತು. ನನ್ನ ತಲೆ ಸರಿ ಇದೆ ಅಂತ ಈ ಲೋಕದಲ್ಲಿ ನಿನ್ನೊಬ್ಬನಿಗೇ ಗೊತ್ತಿತ್ತು. ನೀನು ಬೆನ್ನು ಸವರ್ತಾ ಕೂತಿದ್ದೆ."

ಮಾತು ಮಹಡಿ ಹತ್ತುವುದಕ್ಕೆ ಮೆಟ್ಟಿಲು ಬೇಕಿಲ್ಲ. ಅಕ್ಕ ತಂಗಿಯರಿಬ್ಬರೂ ಅಷ್ಟರಲ್ಲಿ ಬಂದಿದ್ದರು. ತಂಗಿ ತನ್ನ ಗಂಡನ ಮುಖ ನೋಡಿ, ತಾನು ಏನೂ ಕೇಳುವ ಅಗತ್ಯವಿಲ್ಲವೆಂದು ತಿಳಿದು ಗೋಡೆಗೆ ಒರಗಿದಳು. ಅತ್ತೆ ಹೊಸ ಕುರ್ಚಿಯಲ್ಲಿ ಕೂತಿದ್ದವರು, "ಅಯ್ಯೋ, ಇಷ್ಟು ದಿನ ದೊಡ್ಡಳಿಯನಿಗೆ ಬೈದದ್ದೆಲ್ಲ ದಂಡ ಆಯ್ತಲ್ಲ. ಅದನ್ನೆಲ್ಲ ಎತ್ಕೊಂಡು ಚಿಕ್ಕಳಿಯನಿಗೆ ಹಾಕೋಕೆ ನನಗೆಲ್ಲಿದೆ ಆಯಸ್ಸು," ಎಂದರು. ಹೇಳಿದ್ದು ತಮಾಷೆಯ ಮಾತೇ. ಕಣ್ಣು ಮಾತ್ರ ಒರೆಸಿಕೊಳ್ಳುತ್ತಿದ್ದರು.

ಕನ್ನಡಕದವರ ಹೆಂಡತಿ ಒಳಗೆ ಹೋಗಿ ಕೀ ತಂದರು. ಹಿಟ್ಟು ಮೆತ್ತಿ ಬೆಳ್ಳಗಾಗಿತ್ತು. ಗಂಡನ ಅಂಗೈಯಲ್ಲಿಟ್ಟರು.

"ನೀನೂ ನಂಬ್ಲಿಲ್ವಲ್ಲೇ," ಎಂದರು ಅವರು.

"ನಿಮ್ಮನ್ನ ನೀವೇ ನಂಬ್ಲಿಲ್ವಲ್ಲ ರೀ. ನಾನು ಯಾರನ್ನ ನಂಬ್ಲಿ?"

ಕನ್ನಡಕದವರು ಕನ್ನಡಕ ಒರೆಸುವ ಬಟ್ಟೆಯಿಂದ ಕೀಯ ಹಿಟ್ಟು ಒರೆಸಿ, "ನನ್ನ ಜಾಗ ಖಾಲಿ ಮಾಡಿಸು," ಎಂದು ಹುಡುಗಿಗೆ ಹೇಳಿದರು. ಅವಳ ಅಪ್ಪನಿಗಲ್ಲ.

ಹಾಸಿಗೆಯವನು ನೊರೆ ಮೆತ್ತಿದ್ದ ಕಾರನ್ನೇ ಹೊರಗೆ ತೆಗೆದ. ಸೋಪು ಮೆತ್ತಿದ ಕ್ಯಾಮೆರಾಗೆ ಏನೂ ಕಾಣದೆ ಅದು ಎಲ್ಲದಕ್ಕೂ ಕೂಗಿಕೊಂಡಿತು. ಕನ್ನಡಕದವರು ತಮ್ಮ ಹಳೆಯ ಕಾರಿನ ಧೂಳು ಕೊಡವಿ, ಸುತ್ತು ಬಂದು, ಬಗ್ಗಿ ನೋಡಿ, ಕನ್ನಡಿ ಒರೆಸಿ ಕೂತರು. ಯಾರೂ ಮಾತಾಡದ ಕಾರಣ ಅಂದು ಯಾರಿಗೂ ಕೈ ಎತ್ತಬೇಕಾಗಲಿಲ್ಲ. ಕಾರು ಹಿಂದಕ್ಕೆ ಸರಿಯತೊಡಗಿತು. ಹಾಸಿಗೆಯವನಿಗೆ ಏನನ್ನಿಸಿತೋ, ಹೋಗಿ ಅದರ ಹಿಂದೆ, ಗೋಡೆಯ ಹತ್ತಿರ, ಎರಡೂ ಕೈ ಚಾಚಿ ನಿಂತ. "ಬರ್ಲಿ ಭಾವ," ಎಂದ. "ಬರ್ಲಿ. ನಾನಿದೀನಿ."

ಕಾರು ನಿಂತಿತು. ಕನ್ನಡಕದವರು ಕನ್ನಡಿಯಲ್ಲಿ ಅವನನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕಿಟಕಿಯ ಗಾಜು ಏರಿಸಿಕೊಂಡು, ಅವನು ಪಕ್ಕಕ್ಕೆ ಸರಿಯುವವರೆಗೆ ಕಾದರು. ಅವನು ಸರಿದ. ಚಾಚಿದ ಕೈಗಳನ್ನು ಎಲ್ಲಿಡಬೇಕೆಂದು ಅವನಿಗೂ ತಿಳಿಯಲಿಲ್ಲ. ಕಾರು ಗೋಡೆಗೆ ಒಂದು ಗೇಣು ಬಿಟ್ಟು ನೇರವಾಗಿ ಹೋಗಿ ನಿಂತಿತು. ಕನ್ನಡಕದವರು ಹ್ಯಾಂಡ್ ಬ್ರೇಕ್ ಎಳೆದರು. ಆ ಕರಕರ ಸದ್ದು ನಮ್ಮ ಕಟ್ಟಡದ ಕೆಳಗೆ ನಾನು ಕೇಳಿದ್ದು ಅದೇ ಮೊದಲು. ಗೇರನ್ನೂ ಹಾಕಿ, ಇಳಿದು, ಆ ಒಡಕು ಮೂಲೆಯ ಕಲ್ಲನ್ನು ಎತ್ತಿಕೊಂಡು ಮನೆಯೊಳಗೆ ಹೋದರು.

ಈಗ ನಮ್ಮಲ್ಲಿ ಎಲ್ಲರೂ ಬ್ರೇಕು ಹಾಕಿಯೇ ನಿಲ್ಲಿಸುತ್ತಾರೆ. ಯಾರೂ ಸಭೆ ಸೇರಿ ತೀರ್ಮಾನಿಸಿದ್ದಲ್ಲ, ಅದು ತಾನಾಗಿ ಆಯಿತು. ಅಡ್ಡ ನಿಂತ ಕಾರು ಸರಿಸಬೇಕಾದರೆ ಅದರ ಒಡೆಯರನ್ನೇ ಕರೆಯಬೇಕು. ಹಾಗಾಗಿ ಬೆಳಗಿನ ಹೊತ್ತು ಕಟ್ಟಡದಲ್ಲಿ ಕರೆಗಂಟೆಗಳ ಗಲಾಟೆ. ಶಾಸ್ತ್ರದ ಪ್ರಕಾರ ಇದೇ ಸರಿ, ಹೀಗಿದ್ದರೇ ಕ್ಷೇಮ. ನಾನು ಇಲ್ಲವೆನ್ನುವುದಿಲ್ಲ.

ಹೊಸ ಕಾರು ಈಗ ಕನ್ನಡಕದವರ ಕಾರಿಗೆ ಅಡ್ಡವಾಗಿ ನಿಲ್ಲುತ್ತದೆ, ಬೇರೆ ಜಾಗವಿಲ್ಲ. ಕನ್ನಡಕದವರು ಮೇಲಿನ ಮನೆಯ ಗಂಟೆ ಒತ್ತುವುದಿಲ್ಲ. ಬೆಳಿಗ್ಗೆ ಅಂಗಡಿಯ ಹೊತ್ತಿಗೆ ಹೊರಗೆ ಬಂದು, ತಮ್ಮ ಕಾರಿನ ಪಕ್ಕ ಸುಮ್ಮನೆ ನಿಲ್ಲುತ್ತಾರೆ. ಹಾಸಿಗೆಯವನು ಮೇಲಿಂದ ನೋಡಿ, ಚಪ್ಪಲಿ ಮೆಟ್ಟಿಕೊಂಡು ಓಡಿಬರುತ್ತಾನೆ. ತನ್ನ ಕಾರನ್ನು ಹಿಂಗೋಡೆಯ ಕಡೆಗೆ ಹಿಂದಕ್ಕೆ ತೆಗೆಯುತ್ತಾನೆ. ಅದು ಪೀಂ, ಪೀಂ ಎಂದು ಕೂಗುತ್ತದೆ. ಇವರು ಅವನ ಕಡೆ ನೋಡದೆ ಹೊರಟುಹೋಗುತ್ತಾರೆ. ಎರಡು ಮನೆಗಳ ನಡುವೆ ಈಗ ಉಳಿದಿರುವ ಮಾತುಕತೆ ಅದೊಂದೇ, ಅದೂ ಕಾರು ಆಡುವುದು.